ಹಾಡಿನ ವೇದಿಕೆಯಲ್ಲಿ ಎರಡು ತಕ್ಕಡಿ

1993ರ ಮೇ 15ರ ರಾತ್ರಿ. ಐರ್ಲೆಂಡಿನ ಮಿಲ್‌ಸ್ಟ್ರೀಟ್ ಎಂಬ ಸಣ್ಣ ಪಟ್ಟಣದಲ್ಲಿ, ಕುದುರೆಗಳ ಪ್ರದರ್ಶನಕ್ಕೆಂದು ಕಟ್ಟಿದ್ದ ವಿಶಾಲ ಭವನವೊಂದರಲ್ಲಿ 25 ದೇಶಗಳ ಗಾಯಕರು ನೆರೆದಿದ್ದರು. ಹಾಡುಗಳೆಲ್ಲ ಮುಗಿದು ಅಂಕ ನೀಡುವ ಹೊತ್ತು ಬಂದಿತ್ತು. ನಿರೂಪಕಿ ಒಂದೊಂದೇ ದೇಶವನ್ನು ದೂರವಾಣಿಯಲ್ಲಿ ಕರೆದು ಅಂಕಗಳನ್ನು ಕೇಳಿಕೊಳ್ಳುತ್ತಿದ್ದರು. ಬೋಸ್ನಿಯಾದ ಸರದಿ ಬಂತು. ರಾಜಧಾನಿ ಸರಯೇವೋ ಆಗ ಒಂದು ವರ್ಷದಿಂದ ಮುತ್ತಿಗೆಯಲ್ಲಿತ್ತು. ಸುತ್ತಲಿನ ಬೆಟ್ಟಗಳಿಂದ ಶೆಲ್‌ಗಳು ಬೀಳುತ್ತಿದ್ದವು, ಬೀದಿಗಿಳಿದವರನ್ನು ಅಡಗಿ ಕುಳಿತ ಬಂದೂಕುಧಾರಿಗಳು ಗುರಿಯಿಟ್ಟು ಕೊಲ್ಲುತ್ತಿದ್ದರು. ಅಂಥ ನಗರದಿಂದ, ಉಪಗ್ರಹ ದೂರವಾಣಿಯ ಗರಗರ ಸದ್ದಿನ ನಡುವೆ, ಬಹಳ ದೂರದಿಂದ ಬಂದಂತೆ ಒಂದು ದನಿ ಕೇಳಿಸಿತು. ಸಭಾಂಗಣದಲ್ಲಿ ಚಪ್ಪಾಳೆಯ ಮಳೆ ಸುರಿಯಿತು. ಆ ನಗರದಲ್ಲಿ ಮಾತನಾಡುವವರು ಇನ್ನೂ ಉಳಿದಿದ್ದಾರೆ ಎಂಬ ಸಮಾಧಾನ ಆ ಚಪ್ಪಾಳೆಯಲ್ಲಿತ್ತು.

ಬೋಸ್ನಿಯಾದ ತಂಡ ಅಲ್ಲಿಗೆ ತಲುಪಿದ ಬಗೆಯೂ ಸಾಮಾನ್ಯವಾದುದಲ್ಲ. ಗಾಯಕರು ರಾತ್ರಿಯ ಕತ್ತಲಲ್ಲಿ, ಗುಂಡಿನ ದಾಳಿಯ ಭಯದ ನಡುವೆ, ಸರಯೇವೋ ವಿಮಾನ ನಿಲ್ದಾಣದ ರನ್‌ವೇಯನ್ನು ಓಡಿ ದಾಟಿ ನಗರದಿಂದ ಹೊರಬಂದಿದ್ದರು. ಎಲ್ಲರಿಗೂ ಹೊರಬರಲಾಗಲಿಲ್ಲ. ವಾದ್ಯವೃಂದವನ್ನು ನಡೆಸಬೇಕಾದವರು ಹಿಂದೆ ಉಳಿದದ್ದರಿಂದ ಐರ್ಲೆಂಡಿನವರೇ ಆ ಹೊಣೆಯನ್ನು ವಹಿಸಿಕೊಂಡರು. ಆ ಹಾಡಿನ ಶೀರ್ಷಿಕೆಯ ಅರ್ಥ ‘ಲೋಕದ ಎಲ್ಲ ನೋವು’ ಎಂದಾಗಿತ್ತು. ಅದಕ್ಕೆ ಸಿಕ್ಕಿದ್ದು 16ನೇ ಸ್ಥಾನ. ಆದರೆ ಅಂದು ಯಾರೂ, ‘ಹಾಡಿನ ಸ್ಪರ್ಧೆಗೆ ಯುದ್ಧವನ್ನೇಕೆ ತಂದಿರಿ, ಇಲ್ಲಿ ರಾಜಕೀಯ ಬೇಡ’ ಎಂದು ಆ ತಂಡವನ್ನು ಗದರಿಸಲಿಲ್ಲ.

ಯುರೋವಿಷನ್ ಹಾಡಿನ ಸ್ಪರ್ಧೆಯ ಇತಿಹಾಸವನ್ನು ಇಂದು ಹಿಂತಿರುಗಿ ನೋಡುವಾಗ ನಮಗೆ ಮೊದಲು ನೆನಪಾಗುವುದು ಈ ಚಪ್ಪಾಳೆ. ಏಕೆಂದರೆ, ಮೂರು ದಶಕಗಳ ಬಳಿಕ ಅದೇ ವೇದಿಕೆಯಲ್ಲಿ ಇನ್ನೊಂದು ಮುತ್ತಿಗೆಯ ಬಗ್ಗೆ ಮಾತೆತ್ತಿದವರಿಗೆ ಎಚ್ಚರಿಕೆಯ ಪತ್ರಗಳು ಬಂದವು, ದಂಡದ ಬೆದರಿಕೆಗಳು ಬಂದವು. ಈ ನಡುವೆ ಬದಲಾದದ್ದು ಏನು? ನಿಯಮವೇ ಅಥವಾ ಅದನ್ನು ಹಿಡಿದ ಕೈಯೇ?

ನಮ್ಮ ಪಟ್ಟಣಗಳ ಮನೆಗಳಲ್ಲಿ ಈ ಸ್ಪರ್ಧೆಯನ್ನು ನೋಡಿದವರು ವಿರಳ. ಆದರೆ ಮೊಬೈಲ್ ಸಂದೇಶ ಕಳುಹಿಸಿ ಗಾಯಕರನ್ನು ಗೆಲ್ಲಿಸುವ ಟಿ.ವಿ. ಕಾರ್ಯಕ್ರಮಗಳು ನಮಗೇನೂ ಹೊಸತಲ್ಲ. ಯುರೋವಿಷನ್ ಅಂಥವುಗಳಿಗೆಲ್ಲ ಹಿರಿಯಜ್ಜ ಎನ್ನಬಹುದು. ಇದರ ವೇಷಭೂಷಣ, ಕುಣಿತ, ಅಬ್ಬರಗಳ ಬಗ್ಗೆ ನಮ್ಮ ಓದುಗರಲ್ಲಿ ಅನೇಕರಿಗೆ ಆಕ್ಷೇಪಗಳಿರಬಹುದು. ಅದು ಬೇರೆಯೇ ಚರ್ಚೆ. ಇಲ್ಲಿ ನಾವು ಎತ್ತುತ್ತಿರುವುದು ನ್ಯಾಯದ ಪ್ರಶ್ನೆಯನ್ನು.

ಎರಡನೇ ಮಹಾಯುದ್ಧದಲ್ಲಿ ಯುರೋಪು ತನ್ನನ್ನು ತಾನೇ ಸುಟ್ಟುಕೊಂಡಿತ್ತು. ಬೂದಿಯ ನಡುವಿನಿಂದ ಎದ್ದು ನಿಲ್ಲುತ್ತಿದ್ದ ದೇಶಗಳ ಸಾರ್ವಜನಿಕ ಪ್ರಸಾರ ಸಂಸ್ಥೆಗಳು 1950ರಲ್ಲಿ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಅದರ ಕೇಂದ್ರ ಕಚೇರಿ ಜಿನೀವಾದಲ್ಲಿದೆ. ಒಂದೇ ಕಾರ್ಯಕ್ರಮವನ್ನು ಏಕಕಾಲದಲ್ಲಿ ಹಲವು ದೇಶಗಳಲ್ಲಿ ನೇರ ಪ್ರಸಾರ ಮಾಡುವುದು ಆಗ ದೊಡ್ಡ ತಾಂತ್ರಿಕ ಸಾಹಸ. ಇಟಲಿಯ ಸಾನ್ ರೆಮೊ ಹಾಡಿನ ಉತ್ಸವದ ಮಾದರಿಯಲ್ಲಿ 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಮೊದಲ ಸ್ಪರ್ಧೆ ನಡೆಯಿತು. ಏಳು ದೇಶಗಳು, ತಲಾ ಎರಡು ಹಾಡು. ಹನ್ನೊಂದು ವರ್ಷಗಳ ಹಿಂದೆ ಪರಸ್ಪರ ಬಾಂಬು ಸುರಿಸುತ್ತಿದ್ದ ಫ್ರಾನ್ಸ್ ಮತ್ತು ಜರ್ಮನಿಯ ಗಾಯಕರು ಅಂದು ಒಂದೇ ವೇದಿಕೆಯಲ್ಲಿ ಹಾಡಿದರು. ಆತಿಥೇಯ ಸ್ವಿಟ್ಜರ್ಲೆಂಡಿನ ಗಾಯಕಿ ಲಿಸ್ ಅಸಿಯಾ ಗೆದ್ದರು. ತೀರ್ಪುಗಾರರು ಯಾರಿಗೆ ಎಷ್ಟು ಅಂಕ ಕೊಟ್ಟರು ಎಂಬುದನ್ನು ಬಹಿರಂಗಪಡಿಸಲಿಲ್ಲ.

ಅಂದರೆ, ಈ ಸ್ಪರ್ಧೆಯ ಹುಟ್ಟಿನಲ್ಲಿಯೇ ರಾಜಕೀಯವಿತ್ತು. ಶತ್ರುಗಳನ್ನು ನೆರೆಯವರನ್ನಾಗಿ ಮಾಡುವುದು ಒಳ್ಳೆಯ ರಾಜಕೀಯವೇ. ಆದರೆ ಅದನ್ನು ರಾಜಕೀಯವೆಂದು ಕರೆಯಲು ಸಂಘಟಕರು ಎಂದೂ ಒಪ್ಪಲಿಲ್ಲ. ಹಾಡಿನ ಸಾಹಿತ್ಯದಲ್ಲಿ, ಭಾಷಣದಲ್ಲಿ, ಸನ್ನೆಯಲ್ಲಿ ರಾಜಕೀಯ ಇರಕೂಡದು ಎಂಬುದು ಅವರ ನಿಯಮ. ಕಾಗದದ ಮೇಲಿನ ಈ ನಿಯಮ ನೆಲದ ಮೇಲೆ ಹೇಗೆ ನಡೆಯಿತು ಎಂಬುದನ್ನು ನೋಡಬೇಕು.

1968ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನ ಕಾಲದಲ್ಲಿ ಗಾಯಕ ಜೊವಾನ್ ಮಾನುಯೆಲ್ ಸೆರಾಟ್, ತನ್ನ ತಾಯ್ನುಡಿ ಕತಲಾನ್‌ನಲ್ಲಿಯೇ ಹಾಡುವೆ ಎಂದು ಪಟ್ಟು ಹಿಡಿದರು. ಅವರನ್ನು ಕೈಬಿಟ್ಟು ಮಸಿಯೆಲ್ ಎಂಬ ಗಾಯಕಿಯನ್ನು ಕಳುಹಿಸಲಾಯಿತು. ಅವರು ಗೆದ್ದೂ ಬಂದರು. 1974ರಲ್ಲಿ ಸ್ವೀಡನ್ನಿನ ಆಬಾ ತಂಡ ಗೆದ್ದು ಜಗತ್ಪ್ರಸಿದ್ಧವಾದ ವರ್ಷ, ಪೋರ್ಚುಗಲ್‌ನ ಪಾವ್ಲೊ ದೆ ಕರ್ವಾಲ್ಯೊ ಹಾಡಿದ ಹಾಡು ಕೇವಲ 3 ಅಂಕ ಪಡೆದು ಕೊನೆಯ ಸ್ಥಾನಿಗಳ ಸಾಲಿನಲ್ಲಿ ನಿಂತಿತು. ಅದೊಂದು ವಿದಾಯದ ಪ್ರೇಮಗೀತೆ. ಕೆಲವೇ ದಿನಗಳಲ್ಲಿ, ಅಂದರೆ ಏಪ್ರಿಲ್ 24ರ ರಾತ್ರಿ, ಲಿಸ್ಬನ್ನಿನ ರೇಡಿಯೋದಲ್ಲಿ ಅದೇ ಹಾಡು ಮೊಳಗಿತು. ಸರ್ವಾಧಿಕಾರವನ್ನು ಕಿತ್ತೊಗೆಯಲು ಸಿದ್ಧರಾಗಿದ್ದ ಸೈನಿಕರಿಗೆ ಅದು ಮೊದಲ ಸಂಕೇತವಾಗಿತ್ತು. ಮರುದಿನ ದಶಕಗಳ ದಬ್ಬಾಳಿಕೆ ಕುಸಿಯಿತು. ಸ್ಪರ್ಧೆಯಲ್ಲಿ ಸೋತ ಹಾಡು ದೇಶವನ್ನು ಗೆಲ್ಲಿಸಿತು. ರಾಜಕೀಯದ ಒಂದಕ್ಷರವೂ ಇಲ್ಲದ ಹಾಡು ಅದು. ಹಾಗಾದರೆ ಹಾಡಿನಲ್ಲಿ ರಾಜಕೀಯ ಇದೆಯೇ ಇಲ್ಲವೇ ಎಂದು ನಿರ್ಧರಿಸುವವರು ಯಾರು?

ಈ ಪ್ರಶ್ನೆಗೆ 2016ರ ಸ್ಟಾಕ್‌ಹೋಮ್ ಸ್ಪರ್ಧೆ ಕೊಟ್ಟ ಉತ್ತರ ಗಮನಾರ್ಹವಾದುದು. ಅಂದು ಯುಕ್ರೇನಿನ ಪರವಾಗಿ ಹಾಡಿದ ಜಮಾಲಾ, ಕ್ರೈಮಿಯಾದ ತಾತಾರ್ ಮುಸ್ಲಿಮ್ ತಂದೆಯ ಮಗಳು. ಹಾಡಿನ ಹೆಸರು ‘1944’. ಆ ವರ್ಷದ ಮೇ 18ರಂದು ಸ್ಟಾಲಿನ್ ಆಡಳಿತವು ನಾಝಿಗಳೊಂದಿಗೆ ಕೈಜೋಡಿಸಿದ ಆರೋಪವನ್ನು ಇಡೀ ಜನಾಂಗದ ತಲೆಗೆ ಕಟ್ಟಿ, ಸುಮಾರು ಎರಡು ಲಕ್ಷದಷ್ಟು ತಾತಾರರನ್ನು ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿತು. ಜಮಾಲಾರ ಮುತ್ತಜ್ಜಿ ಅವರಲ್ಲೊಬ್ಬರು. ಗಂಡ ಸೋವಿಯತ್‌ನದ್ದೇ ಕೆಂಪು ಸೇನೆಯಲ್ಲಿ ಹೋರಾಡುತ್ತಿದ್ದಾಗ ಹೆಂಡತಿಯನ್ನೂ ಮಕ್ಕಳನ್ನೂ ದ್ರೋಹಿಗಳೆಂದು ಹೊರದಬ್ಬಲಾಗಿತ್ತು. ದಾರಿಯಲ್ಲಿಯೇ ಆ ತಾಯಿ ಮಗಳನ್ನು ಕಳೆದುಕೊಂಡರು. ತವರಿಗೆ ಮರಳಲು ಆ ಜನಾಂಗ 1980ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಜಮಾಲಾ ಹುಟ್ಟಿದ್ದೂ ಕಿರ್ಗಿಸ್ತಾನದಲ್ಲಿಯೇ.

ಈ ಹಾಡು ರಾಜಕೀಯದ್ದೆಂದು ರಷ್ಯದ ರಾಜಕಾರಣಿಗಳು ತಕರಾರು ಎತ್ತಿದರು. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡಿತ್ತು. ಸ್ಪರ್ಧೆಗೆ ಕೆಲವೇ ದಿನ ಮುಂಚೆ, 2016ರ ಏಪ್ರಿಲ್‌ನಲ್ಲಿ, ತಾತಾರರ ಪ್ರಾತಿನಿಧಿಕ ಸಭೆಯಾದ ಮೆಜ್ಲಿಸನ್ನು ಅಲ್ಲಿನ ನ್ಯಾಯಾಲಯ ಉಗ್ರವಾದಿ ಸಂಘಟನೆ ಎಂದು ಘೋಷಿಸಿ ನಿಷೇಧಿಸಿತ್ತು. ಆದರೆ ಸಂಘಟಕರು, ಹಾಡಿನ ಶೀರ್ಷಿಕೆಯಲ್ಲಾಗಲಿ ಸಾಹಿತ್ಯದಲ್ಲಾಗಲಿ ರಾಜಕೀಯ ಭಾಷಣವಿಲ್ಲ, ಇರುವುದು ಇತಿಹಾಸ ಎಂಬ ನಿಲುವು ತಾಳಿದರು. ತೀರ್ಪುಗಾರರ ಮಟ್ಟದಲ್ಲಿ ಆಸ್ಟ್ರೇಲಿಯಾ ಮುಂದಿತ್ತು. ವೀಕ್ಷಕರ ಮತದಲ್ಲಿ ರಷ್ಯಾ ಮುಂದಿತ್ತು. ಎರಡನ್ನೂ ಕೂಡಿಸಿದಾಗ 534 ಅಂಕ ಪಡೆದು ಜಮಾಲಾ ಗೆದ್ದರು. ತಾತಾರ್ ಭಾಷೆಯ ಸಾಲುಗಳು ಆ ವೇದಿಕೆಯಲ್ಲಿ ಕೇಳಿಬಂದದ್ದು ಅದೇ ಮೊದಲು. ಮೂರು ನಿಮಿಷದ ಹಾಡೊಂದು, ಹೆಚ್ಚಿನವರಿಗೆ ಹೆಸರೂ ಗೊತ್ತಿಲ್ಲದ ಒಂದು ಮುಸ್ಲಿಮ್ ಜನಾಂಗದ ಗಾಯವನ್ನು ಕೋಟ್ಯಂತರ ಮನೆಗಳಿಗೆ ತಲುಪಿಸಿತು. 2023ರಲ್ಲಿ ರಷ್ಯಾ ಆಕೆಯ ಹೆಸರನ್ನು ‘ಬೇಕಾದವರ’ ಪಟ್ಟಿಗೆ ಸೇರಿಸಿತು. ನಾವು ಒಂದು ಮಾತನ್ನು ನಮ್ಮನ್ನೇ ಕೇಳಿಕೊಳ್ಳಬೇಕು. ಆ ಹಾಡಿಗೆ ಮುಂಚೆ ಕ್ರೈಮಿಯಾದ ತಾತಾರರ ಕತೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಸಂಘಟಕರ ಆ ತೀರ್ಮಾನ ಸರಿಯಾದುದು ಎಂದೇ ನಮ್ಮ ಅಭಿಪ್ರಾಯ. ನೊಂದವರು ತಮ್ಮ ನೋವನ್ನು ಹಾಡುವುದು ರಾಜಕೀಯವಾದರೆ, ಹಾಡಲು ಉಳಿಯುವುದಾದರೂ ಏನು? ಆದರೆ ಇದೇ ಸಂಘಟಕರು 2009ರಲ್ಲಿ ಜಾರ್ಜಿಯಾದ ಹಾಡನ್ನು ತಡೆದಿದ್ದರು. ಹಿಂದಿನ ವರ್ಷವಷ್ಟೇ ರಷ್ಯಾದೊಂದಿಗೆ ಯುದ್ಧ ಕಂಡಿದ್ದ ಆ ಪುಟ್ಟ ದೇಶ, ಪುಟಿನ್ ಹೆಸರಿನ ಮೇಲೆ ಶ್ಲೇಷೆ ಮಾಡಿದ ಹಾಡೊಂದನ್ನು ಆರಿಸಿತ್ತು. ಆ ವರ್ಷದ ಸ್ಪರ್ಧೆ ನಡೆಯಲಿದ್ದುದು ಮಾಸ್ಕೋದಲ್ಲಿ. ಸಾಹಿತ್ಯ ಬದಲಿಸಲು ಒಪ್ಪದ ಜಾರ್ಜಿಯಾ ಸ್ಪರ್ಧೆಯಿಂದಲೇ ಹಿಂದೆ ಸರಿಯಿತು. ಒಂದು ಹಾಡು ನೋವನ್ನು ಹೇಳಿತು, ಇನ್ನೊಂದು ಗೇಲಿ ಮಾಡಿತು ಎಂಬ ವ್ಯತ್ಯಾಸವನ್ನು ಒಪ್ಪೋಣ. ಆದರೂ ಗೆರೆ ಎಲ್ಲಿ ಎಂಬುದು ಹಾಡಿನಷ್ಟೇ ಹಾಡಿನ ಸುತ್ತಲಿನ ಬಲಾಬಲವನ್ನೂ ಅವಲಂಬಿಸಿತ್ತು ಎಂಬುದನ್ನು ಅಲ್ಲಗಳೆಯಲಾಗದು.

2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಅಂದು ಸಂಘಟಕರು, ಇದು ರಾಜಕೀಯೇತರ ಸ್ಪರ್ಧೆ, ಎರಡೂ ದೇಶಗಳು ಭಾಗವಹಿಸಬಹುದು ಎಂಬ ಧಾಟಿಯಲ್ಲಿ ಮಾತಾಡಿದರು. ಒಂದೇ ದಿನ. ಮರುದಿನ ಮಾತು ಬದಲಾಯಿತು. ಫಿನ್‌ಲ್ಯಾಂಡ್ ಸಹಿತ ಹಲವು ದೇಶಗಳ ಪ್ರಸಾರ ಸಂಸ್ಥೆಗಳು ತೀವ್ರ ವಿರೋಧ ವ್ಯಕ್ತಪಡಿಸಿದವು. ಯುಕ್ರೇನಿನ ಅಭೂತಪೂರ್ವ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ ರಷ್ಯಾವನ್ನು ಸೇರಿಸಿಕೊಂಡರೆ ಸ್ಪರ್ಧೆಗೇ ಕೆಟ್ಟ ಹೆಸರು ಬರುತ್ತದೆ ಎಂಬ ಕಾರಣ ಕೊಟ್ಟು ರಷ್ಯಾವನ್ನು ಹೊರಗಿಡಲಾಯಿತು. ಮೇ 14ರಂದು ಇಟಲಿಯ ಟುರಿನ್‌ನಲ್ಲಿ ಯುಕ್ರೇನಿನ ಕಲುಶ್ ತಂಡ 631 ಅಂಕಗಳೊಂದಿಗೆ ಗೆದ್ದಿತು. ಅದರಲ್ಲಿ 439 ಅಂಕಗಳು ವೀಕ್ಷಕರು ಕೊಟ್ಟವು. ಆಕ್ರಮಣಕಾರನಿಗೆ ವೇದಿಕೆಯಿಲ್ಲ ಎಂಬ ಸಂದೇಶ ಸ್ಪಷ್ಟವಾಗಿತ್ತು. ನಾವು ಅದನ್ನು ತಪ್ಪೆನ್ನುವುದಿಲ್ಲ.

ಪ್ರಶ್ನೆ ಹುಟ್ಟುವುದು ಇದರ ನಂತರ. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಕೊಲ್ಲಲ್ಪಟ್ಟರು. 251 ಮಂದಿಯನ್ನು ಒತ್ತೆಯಾಳುಗಳನ್ನಾಗಿ ಒಯ್ಯಲಾಯಿತು. ಸಂಗೀತ ಉತ್ಸವಕ್ಕೆ ಬಂದಿದ್ದ ಯುವಕ ಯುವತಿಯರನ್ನು ಕೊಂದದ್ದನ್ನು ಯಾವ ನ್ಯಾಯವೂ ಸಮರ್ಥಿಸದು. ಆ ಬಳಿಕ ಇಸ್ರೇಲ್ ಗಾಝಾದ ಮೇಲೆ ನಡೆಸಿದ ಯುದ್ಧದಲ್ಲಿ ಸತ್ತವರ ಸಂಖ್ಯೆ, ಗಾಝಾದ ಆರೋಗ್ಯ ಸಚಿವಾಲಯದ ಪ್ರಕಾರ, 2025ರ ಅಂತ್ಯದೊಳಗೆ 70 ಸಾವಿರವನ್ನು ದಾಟಿತು. ಆಸ್ಪತ್ರೆ, ಶಾಲೆ, ಬ್ರೆಡ್ಡಿನ ಅಂಗಡಿಯ ಮುಂದಿನ ಸಾಲು, ಯಾವುದೂ ಸುರಕ್ಷಿತವಾಗಿ ಉಳಿಯಲಿಲ್ಲ. ಆದರೆ 2024ರಲ್ಲೂ 2025ರಲ್ಲೂ ಇಸ್ರೇಲ್ ಆ ವೇದಿಕೆಯಲ್ಲಿತ್ತು. ಎರಡು ವರ್ಷಗಳ ಹಿಂದೆ ‘ಕೆಟ್ಟ ಹೆಸರು’ ಎಂದವರಿಗೆ ಈಗ ಆ ಭಯ ಕಾಡಲಿಲ್ಲ.

2024ರ ಮಾಲ್ಮೋ ಸ್ಪರ್ಧೆಗೆ ಇಸ್ರೇಲ್ ಮೊದಲು ಕಳುಹಿಸಿದ ಹಾಡಿನ ಶೀರ್ಷಿಕೆ ‘ಅಕ್ಟೋಬರ್ ರೈನ್’. ಅದು ರಾಜಕೀಯವೆಂದು ಸಂಘಟಕರು ಆಕ್ಷೇಪಿಸಿದ ಬಳಿಕ ಸಾಹಿತ್ಯವನ್ನೂ ಹೆಸರನ್ನೂ ಬದಲಿಸಲಾಯಿತು. ನಿಯಮ ಎರಡೂ ಕಡೆಗೆ ಅನ್ವಯವಾಯಿತಲ್ಲ ಎಂದು ಕೆಲವರು ಹೇಳಬಹುದು. ಆದರೆ ಅದೇ ಮಾಲ್ಮೋದಲ್ಲಿ, ಫೆಲೆಸ್ತೀನಿ ಮೂಲದ ತಂದೆಯ ಮಗನಾದ ಸ್ವೀಡನ್ನಿನ ಗಾಯಕ ಎರಿಕ್ ಸಾದೆ, ತನ್ನ ಮಣಿಕಟ್ಟಿಗೆ ಕಫಿಯ್ಯಾ ಬಟ್ಟೆಯನ್ನು ಸುತ್ತಿಕೊಂಡು ಹಾಡಿದ್ದಕ್ಕೆ ಸಂಘಟಕರು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಐರ್ಲೆಂಡಿನ ಗಾಯಕ ಕಲಾವಿದರೊಬ್ಬರು ಪ್ರಾಚೀನ ಐರಿಷ್ ಲಿಪಿಯಲ್ಲಿ ‘ಕದನ ವಿರಾಮ’ ಎಂಬ ಪದವನ್ನು ಮೈಮೇಲೆ ಬರೆದುಕೊಂಡಿದ್ದರು. ಅದನ್ನೂ ಅಳಿಸಬೇಕಾಯಿತು. 2019ರಲ್ಲಿ ಟೆಲ್ ಅವೀವ್‌ನಲ್ಲಿ ಅಂಕಗಳನ್ನು ಓದುವ ಹೊತ್ತಿನಲ್ಲಿ ಐಸ್‌ಲ್ಯಾಂಡಿನ ತಂಡ ಫೆಲೆಸ್ತೀನಿನ ಧ್ವಜದ ಬಣ್ಣಗಳನ್ನು ತೋರಿಸಿದ್ದಕ್ಕೆ ಅದರ ಪ್ರಸಾರ ಸಂಸ್ಥೆಗೆ 5,000 ಯುರೋ ದಂಡ ಬಿದ್ದಿತ್ತು. ಯುದ್ಧ ನಿಲ್ಲಲಿ ಎಂಬ ಒಂದು ಪದವೂ ರಾಜಕೀಯ, ಯುದ್ಧ ನಡೆಸುತ್ತಿರುವ ದೇಶದ ಹಾಜರಿ ಮಾತ್ರ ರಾಜಕೀಯವಲ್ಲ ಎಂದರೆ ಆ ಪದಕ್ಕೆ ಅರ್ಥವೇನು ಉಳಿಯಿತು?

2025ರ ಮೇ 17ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಸ್ಪರ್ಧೆಯ ಲೆಕ್ಕವನ್ನು ನೋಡಿ. ಆಸ್ಟ್ರಿಯಾದ ಗಾಯಕ ಜೆಜೆ 436 ಅಂಕಗಳೊಂದಿಗೆ ಗೆದ್ದರು. ಇಸ್ರೇಲಿನ ಯುವಾಲ್ ರಾಫೆಲ್ 357 ಅಂಕ ಪಡೆದು ಎರಡನೆಯವರಾದರು. ಇದರಲ್ಲಿ ತೀರ್ಪುಗಾರರು ಕೊಟ್ಟದ್ದು 60, ವೀಕ್ಷಕರ ಮತದಿಂದ ಬಂದದ್ದು 297. ಒಬ್ಬ ವೀಕ್ಷಕ 20 ಮತಗಳವರೆಗೆ ಹಾಕಲು ಆಗ ಅವಕಾಶವಿತ್ತು. ಇಸ್ರೇಲ್ ಸರಕಾರದ ಜಾಹೀರಾತು ಸಂಸ್ಥೆಯು ಹಣ ವ್ಯಯಿಸಿ, 20 ಬಾರಿ ಮತ ಹಾಕಿರೆಂದು ಯುರೋಪಿನ ವೀಕ್ಷಕರಲ್ಲಿ ಪ್ರಚಾರ ನಡೆಸಿದ್ದನ್ನು ಒಕ್ಕೂಟದ ಸ್ವಂತ ಸುದ್ದಿ ವಿಭಾಗವೇ ಬಯಲಿಗೆ ತಂದಿತು. ಹಲವು ದೇಶಗಳು ಮತ ಎಣಿಕೆಯ ವಿವರ ಕೇಳಿದವು. ನವೆಂಬರ್‌ನಲ್ಲಿ ಒಕ್ಕೂಟ ನಿಯಮ ತಿದ್ದಿತು. ಮತದ ಮಿತಿ 20ರಿಂದ 10ಕ್ಕೆ ಇಳಿಯಿತು, ಸರಕಾರಗಳ ಪ್ರಚಾರಕ್ಕೆ ಕಡಿವಾಣ ಹಾಕುವ ಮಾತು ಬಂತು. ರೋಗ ಮತಪೆಟ್ಟಿಗೆಯಲ್ಲಿತ್ತು ಎಂದು ಅವರು ಭಾವಿಸಿದಂತಿದೆ.

ಯುವಾಲ್ ರಾಫೆಲ್ ಬಗ್ಗೆ ಒಂದು ಮಾತು. ಅಕ್ಟೋಬರ್ 7ರಂದು ಆ ಸಂಗೀತ ಉತ್ಸವದಲ್ಲಿದ್ದ ಆಕೆ, ಬಾಂಬು ಆಶ್ರಯತಾಣವೊಂದರಲ್ಲಿ ಹೆಣಗಳ ನಡುವೆ ಗಂಟೆಗಟ್ಟಲೆ ಅಡಗಿ ಬದುಕುಳಿದವರು. ಆಕೆಯನ್ನು ವ್ಯಕ್ತಿಯಾಗಿ ದ್ವೇಷಿಸುವುದು ನಮ್ಮ ಕೆಲಸವಲ್ಲ. ಆಕೆಯ ಹಾಡು ತಡೆಯಬೇಕಾದ ಹಾಡೂ ಅಲ್ಲ. ರಷ್ಯಾದ ಗಾಯಕರೂ ಯುಕ್ರೇನಿನ ಮೇಲೆ ಬಾಂಬು ಹಾಕಿರಲಿಲ್ಲ. ಆದರೂ ಅವರ ದೇಶದ ಹೆಸರಿನ ಫಲಕ ಇಳಿಯಿತು. ನಮ್ಮ ಪ್ರಶ್ನೆ ಇರುವುದು ಆ ಫಲಕದ ಬಗ್ಗೆ.

ಸಂಘಟಕರ ಬಳಿ ಒಂದು ವಾದವಿದೆ ಮತ್ತು ಅದನ್ನು ನ್ಯಾಯವಾಗಿ ಮುಂದಿಡಬೇಕು. ಈ ಸ್ಪರ್ಧೆ ಸರಕಾರಗಳ ನಡುವಿನದ್ದಲ್ಲ, ಪ್ರಸಾರ ಸಂಸ್ಥೆಗಳ ನಡುವಿನದ್ದು ಎಂದು ಅವರು ಹೇಳುತ್ತಾರೆ. ರಷ್ಯಾದ ಪ್ರಸಾರ ಸಂಸ್ಥೆಗಳು ಸರಕಾರದ ತುತ್ತೂರಿಗಳಾಗಿ ಸದಸ್ಯತ್ವದ ಹೊಣೆಯನ್ನು ಮುರಿದವು, ಇಸ್ರೇಲಿನ ‘ಕಾನ್’ ಸಂಸ್ಥೆಯಾದರೋ ಸ್ವತಂತ್ರವಾದುದು, ಅದನ್ನು ಮುಚ್ಚಿಸುವ ಬೆದರಿಕೆಯನ್ನು ಅಲ್ಲಿನ ಸರಕಾರವೇ ಒಡ್ಡಿದೆ ಎಂಬುದು ಅವರ ಸಮರ್ಥನೆ. ಕಾನ್ ಬಗೆಗಿನ ಮಾತಿನಲ್ಲಿ ಸತ್ಯಾಂಶವಿದೆ. ಆದರೆ 2022ರ ಫೆಬ್ರವರಿ 25ರಂದು ರಷ್ಯಾವನ್ನು ಹೊರಗಿಟ್ಟಾಗ ಕೊಟ್ಟ ಕಾರಣ ಸದಸ್ಯತ್ವದ್ದಾಗಿರಲಿಲ್ಲ. ಸದಸ್ಯತ್ವವನ್ನು ಅಮಾನತುಗೊಳಿಸಿದ್ದು ಆ ನಂತರ. ಅಂದು ಹೇಳಿದ್ದು ಯುಕ್ರೇನಿನ ಬಿಕ್ಕಟ್ಟು ಮತ್ತು ಸ್ಪರ್ಧೆಯ ಮರ್ಯಾದೆಯನ್ನು. ಒಮ್ಮೆ ಮರ್ಯಾದೆಯನ್ನು ಅಳತೆಗೋಲಾಗಿ ಬಳಸಿದ ಮೇಲೆ, ಮುಂದಿನ ಗಿರಾಕಿ ಬಂದಾಗ ಆ ಕೋಲನ್ನು ಬೆನ್ನ ಹಿಂದೆ ಅಡಗಿಸುವಂತಿಲ್ಲ.

ಇಷ್ಟನ್ನು ಬರೆದು ಕೈತೊಳೆದುಕೊಂಡರೆ ಅದು ಪ್ರಾಮಾಣಿಕತೆಯಾಗದು. ಎದುರಾಳಿಯ ತಕ್ಕಡಿಯನ್ನು ಪರೀಕ್ಷಿಸುವವರು ಸ್ವಂತ ತಕ್ಕಡಿಯನ್ನೂ ತೂಗಿ ನೋಡಬೇಕು. ಯುರೋವಿಷನ್‌ನೊಂದಿಗೆ ಮುಸ್ಲಿಮ್ ದೇಶಗಳ ಒಡನಾಟ ಹೇಗಿತ್ತು? ಈ ಒಕ್ಕೂಟದ ಪ್ರಸಾರ ವಲಯದಲ್ಲಿ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ದೇಶಗಳೂ ಇವೆ. 1973ರಲ್ಲಿ ಇಸ್ರೇಲ್ ಪ್ರವೇಶ ಪಡೆದದ್ದೂ ಈ ಬಾಗಿಲಿನಿಂದಲೇ. 1978ರಲ್ಲಿ ಇಸ್ರೇಲ್ ಮೊದಲ ಬಾರಿ ಗೆಲ್ಲುವುದು ಖಚಿತವಾದಾಗ ಜೋರ್ಡಾನಿನ ಟಿ.ವಿ. ನೇರ ಪ್ರಸಾರವನ್ನು ನಿಲ್ಲಿಸಿ ಹೂವಿನ ಚಿತ್ರವೊಂದನ್ನು ತೋರಿಸಿತು. ಆ ಬಳಿಕ ಎರಡನೇ ಸ್ಥಾನದ ಬೆಲ್ಜಿಯಂ ಗೆದ್ದಿದೆ ಎಂದು ಪ್ರಕಟಿಸಿತು. ಇದರಿಂದ ಫೆಲೆಸ್ತೀನಿನ ಒಂದು ಗೇಣು ಭೂಮಿಯೂ ಮರಳಿ ಬರಲಿಲ್ಲ. ತನ್ನ ಪ್ರಜೆಗಳಿಗೆ ಸುಳ್ಳು ಹೇಳಿದ್ದಷ್ಟೇ ಉಳಿಯಿತು.

1980ರಲ್ಲಿ ಇಸ್ರೇಲ್ ಗೈರಾಗಿದ್ದ ವರ್ಷ ಮೊರಾಕ್ಕೊ ಭಾಗವಹಿಸಿತು. ಸಮೀರಾ ಬಿನ್ ಸಈದ್ ಅರಬಿಯಲ್ಲಿ ಶಾಂತಿಯ ಹಾಡು ಹಾಡಿದರು. 7 ಅಂಕ, 19ರಲ್ಲಿ 18ನೇ ಸ್ಥಾನ. ಅರಬ್ ದೇಶವೊಂದು ಆ ವೇದಿಕೆಗೆ ಬಂದದ್ದು ಅದೊಂದೇ ಬಾರಿ. 2005ರಲ್ಲಿ ಲೆಬನಾನ್ ಸಿದ್ಧತೆ ನಡೆಸಿತ್ತು. ಆದರೆ ಇಸ್ರೇಲಿನ ಹಾಡನ್ನು ಪ್ರಸಾರ ಮಾಡುವ ಭರವಸೆ ಕೊಡಲಾಗದೆ ಹಿಂದೆ ಸರಿದು ನಿಷೇಧಕ್ಕೆ ಒಳಗಾಯಿತು. 2003ರಲ್ಲಿ ಸೆರ್ತಾಬ್ ಎರೆನೆರ್ ಮೂಲಕ ಗೆದ್ದ ತುರ್ಕಿ, 2012ರ ಬಳಿಕ, ತೀರ್ಪುಗಾರರಿಗೆ ಕೊಟ್ಟ ಅರ್ಧ ಪಾಲನ್ನೂ ಐದು ದೊಡ್ಡ ದೇಶಗಳಿಗೆ ಅಂತಿಮ ಸುತ್ತಿಗೆ ಇರುವ ನೇರ ಪ್ರವೇಶವನ್ನೂ ಆಕ್ಷೇಪಿಸಿ ದೂರವಾಯಿತು.

ಅಝರ್‌ಬೈಜಾನಿನ ಕತೆ ಇನ್ನಷ್ಟು ಕಹಿ. 2009ರ ಸ್ಪರ್ಧೆಯಲ್ಲಿ ಆ ದೇಶದಿಂದ 43 ಮಂದಿ, ಶತ್ರು ದೇಶವೆಂದು ಪರಿಗಣಿಸಲಾಗಿದ್ದ ಅರ್ಮೇನಿಯಾದ ಹಾಡಿಗೆ ಮತ ಹಾಕಿದ್ದರು. ಅವರಲ್ಲಿ ಕೆಲವರನ್ನು ಭದ್ರತಾ ಇಲಾಖೆ ಕರೆಸಿ, ಏಕೆ ಮತ ಹಾಕಿದಿರಿ ಎಂದು ವಿಚಾರಣೆ ನಡೆಸಿತು. ಒಂದು ಹಾಡು ಇಷ್ಟವಾಯಿತು ಎಂಬುದೂ ದೇಶದ್ರೋಹವಾಗುವ ಸ್ಥಿತಿ ಅದು. 2012ರಲ್ಲಿ ಸ್ಪರ್ಧೆ ಬಾಕುವಿನಲ್ಲಿ ನಡೆದಾಗ, ನಗರದ ಅಂದಗೊಳಿಸುವಿಕೆಗಾಗಿ ಜನರನ್ನು ಬಲವಂತವಾಗಿ ಮನೆಗಳಿಂದ ಎಬ್ಬಿಸಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿತು. ಆ ವರ್ಷ ಗೆದ್ದ ಸ್ವೀಡನ್ನಿನ ಲೊರೀನ್, ಮೊರಾಕ್ಕೊ ಮೂಲದ ಕುಟುಂಬದ ಹೆಣ್ಣುಮಗಳು, ಸ್ಪರ್ಧೆಯ ನಡುವೆಯೇ ಅಲ್ಲಿನ ಮಾನವ ಹಕ್ಕು ಕಾರ್ಯಕರ್ತರನ್ನು ಭೇಟಿಯಾದರು. ಆಗಲೂ ಅಲ್ಲಿನ ಸರಕಾರ ಹೇಳಿದ್ದು ಅದೇ ಮಾತು: ಸ್ಪರ್ಧೆಯಲ್ಲಿ ರಾಜಕೀಯ ಬೆರೆಸಬೇಡಿ. ಬಾಕುವಿನ ಅರಮನೆಯಿಂದ ಬಂದರೂ ಜಿನೀವಾದ ಕಚೇರಿಯಿಂದ ಬಂದರೂ ಆ ಮಾತಿನ ಕೆಲಸ ಒಂದೇ. ಮನೆ ಕಳೆದುಕೊಂಡವರ ದನಿ ವೇದಿಕೆಯವರೆಗೆ ತಲುಪದಂತೆ ಅದು ತಡೆಯುತ್ತದೆ. ಮಾಲ್ಮೋದ ಬಗ್ಗೆ ಸಿಟ್ಟಾಗುವ ನಾವು ಬಾಕುವಿನ ಬಗ್ಗೆ ಸಿಟ್ಟಾಗಿದ್ದೆವೇ? ದಬ್ಬಾಳಿಕೆ ನಡೆಸುವವರು ನಮ್ಮ ಹೆಸರಿನವರಾದಾಗ ನಮ್ಮ ಲೇಖನಿಯ ಮಸಿ ಒಣಗುವುದೇಕೆ?

2025ರ ಡಿಸೆಂಬರ್ 4ರಂದು ಜಿನೀವಾದಲ್ಲಿ ಒಕ್ಕೂಟದ ಸಭೆ ಸೇರಿತು. ಇಸ್ರೇಲಿನ ಭಾಗವಹಿಸುವಿಕೆಯ ಮೇಲೆ ನೇರವಾಗಿ ಮತ ಹಾಕುವ ಬದಲು, ತಿದ್ದಿದ ನಿಯಮಗಳಿಂದ ಸಮಾಧಾನವಾಗಿದೆಯೇ ಎಂದಷ್ಟೇ ಕೇಳಲಾಯಿತು. ಬಹುಮತ ಹೌದೆಂದಿತು. ಅಂದೇ ಸ್ಪೇನ್, ನೆದರ್‌ಲ್ಯಾಂಡ್ಸ್, ಐರ್ಲೆಂಡ್, ಸ್ಲೊವೇನಿಯಾಗಳ ಪ್ರಸಾರ ಸಂಸ್ಥೆಗಳು 2026ರ ವಿಯೆನ್ನಾ ಸ್ಪರ್ಧೆಗೆ ತಾವಿಲ್ಲ ಎಂದು ಘೋಷಿಸಿದವು. ಕೆಲವೇ ದಿನಗಳಲ್ಲಿ ಐಸ್‌ಲ್ಯಾಂಡ್ ಕೂಡಾ ಸೇರಿಕೊಂಡಿತು. 70ನೇ ಸ್ಪರ್ಧೆಯ ಪಟ್ಟಿಯಲ್ಲಿ 35 ದೇಶಗಳಷ್ಟೇ ಉಳಿದವು. ನೆದರ್‌ಲ್ಯಾಂಡ್ಸ್ 1956ರ ಆ ಏಳರಲ್ಲಿ ಒಂದು. ಸ್ಪೇನ್ ಅತಿ ಹೆಚ್ಚು ಹಣ ಕೊಡುವ ಐದರಲ್ಲಿ ಒಂದು. ಐರ್ಲೆಂಡ್ ಏಳು ಬಾರಿ ಗೆದ್ದು ಸ್ವೀಡನ್ನಿನೊಂದಿಗೆ ದಾಖಲೆ ಹಂಚಿಕೊಂಡ ದೇಶ. 2024ರಲ್ಲಿ ಗೆದ್ದಿದ್ದ ಸ್ವಿಟ್ಜರ್ಲೆಂಡಿನ ನೆಮೊ ತಮ್ಮ ಟ್ರೋಫಿಯನ್ನು ಹಿಂದಿರುಗಿಸುವುದಾಗಿ ಪ್ರಕಟಿಸಿದರು.

ಜೋರ್ಡಾನಿನ ಹೂವಿನ ಚಿತ್ರಕ್ಕೂ ಈ ಬಹಿಷ್ಕಾರಕ್ಕೂ ಇರುವ ಅಂತರವನ್ನು ನಾವು ಗುರುತಿಸಬೇಕು. ಅಲ್ಲಿ ಸತ್ಯವನ್ನು ಮರೆಮಾಡಲಾಯಿತು. ಇಲ್ಲಿ ಕಾರಣವನ್ನು ಬಹಿರಂಗವಾಗಿ ಹೇಳಿ, ಅದರ ನಷ್ಟವನ್ನೂ ಹೊತ್ತುಕೊಳ್ಳಲಾಯಿತು. ಅಲ್ಲಿ ವೀಕ್ಷಕರನ್ನು ಮಕ್ಕಳಂತೆ ಕಾಣಲಾಯಿತು. ಇಲ್ಲಿ ಅವರನ್ನು ವಿವೇಕವಂತ ನಾಗರಿಕರೆಂದು ಗೌರವಿಸಲಾಯಿತು. ಅನ್ಯಾಯವನ್ನು ವಿರೋಧಿಸುವ ದಾರಿಯೂ ನ್ಯಾಯದ್ದಾಗಿರಬೇಕೆಂಬ ಪಾಠ ಇದರಲ್ಲಿದೆ. ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ದೂರ ಸರಿಸದಿರಲಿ ಎಂಬ ಬೋಧನೆಯನ್ನು ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತವರು ನಾವು. ಅದು ಪರೀಕ್ಷೆಗೆ ಒಳಗಾಗುವುದು ಇಂಥ ಹೊತ್ತಿನಲ್ಲಿಯೇ.

ಮಿಲ್‌ಸ್ಟ್ರೀಟಿನ ಆ ರಾತ್ರಿಯನ್ನು ಏರ್ಪಡಿಸಿದ್ದು ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ. ಗಾಝಾದ ಸಾವುನೋವನ್ನು ಕಾರಣವಾಗಿ ಹೇಳಿ 2026ರ ಸ್ಪರ್ಧೆಯಿಂದ ಹೊರಗುಳಿದದ್ದೂ ಅದೇ ಸಂಸ್ಥೆ. ಅಂದು ಸರಯೇವೋದಿಂದ ಬಂದ ಕ್ಷೀಣ ದನಿಗೆ ಕಿವಿಗೊಟ್ಟವರು ಇನ್ನೊಂದು ನಗರದ ದನಿಗೂ ಕಿವಿಗೊಟ್ಟರು. ಅವರಿಗೆ ಎರಡು ಬೇರೆ ಬೇರೆ ಕಿವಿಗಳು ಬೇಕಾಗಲಿಲ್ಲ. ಹಾಡಿನಲ್ಲಿ ರಾಜಕೀಯ ಬೇಡ ಎಂದು ಮುಂದೆ ಯಾರಾದರೂ ಹೇಳಿದರೆ, 2022ರಲ್ಲಿ ನೀವೇನು ಹೇಳಿದ್ದಿರಿ ಎಂದು ಅವರನ್ನು ಕೇಳೋಣ. ಕೇಳುವ ಮೊದಲು, 2009ರಲ್ಲಿ ಬಾಕುವಿನ ಆ 43 ಮಂದಿಯ ಬಗ್ಗೆ ನಾವೇನು ಹೇಳಿದ್ದೆವು ಎಂಬುದಕ್ಕೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳೋಣ.